ಅರಮನೆ ತೋರಿಸಿದ ಶಿರಸ್ತೇದಾರರು

ಕಳೆದ ತಿಂಗಳು ಹೊಸಪೇಟೆಯ ಒಂದು ಸಣ್ಣ ಸಭಾಭವನದಲ್ಲಿ ಅವರಿಗೆ ನುಡಿನಮನ ಇಟ್ಟುಕೊಂಡಿದ್ದರು. ಹಾರ ಹಾಕಿದ ಫೋಟೊ, ಊದುಬತ್ತಿ, ಬಂದವರಿಗೆಲ್ಲ ಚಹಾ. ಮಾತಾಡಿದವರಲ್ಲಿ ಹೆಚ್ಚಿನವರು ಅವರನ್ನು ಪರಂಪರೆಯ ಕಾವಲುಗಾರ ಎಂದರು. ಒಬ್ಬರು ನಡೆದಾಡುವ ಇತಿಹಾಸ ಎಂದರು. ಇನ್ನೊಬ್ಬರು ಕಣ್ಣೊರೆಸಿಕೊಂಡು ಕೆಳಗಿಳಿದರು. ಏಳು ವರ್ಷ ಅವರ ಕೈಕೆಳಗೆ ಗುಮಾಸ್ತನಾಗಿದ್ದ ನಾನು ಕೊನೆಯ ಸಾಲಿನಲ್ಲಿ ಕೂತು ಚಹಾ ಕುಡಿದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಆಡಲು ನನಗೆ ಧೈರ್ಯವಿರಲಿಲ್ಲ. ಹಾಗಾದರೆ ಆಡುವುದು ಯಾವಾಗ ಎಂದು ಯೋಚಿಸುತ್ತ ಮನೆಗೆ ಬಂದು ಇದನ್ನು ಬರೆಯಲು ಕೂತೆ.

ನಮ್ಮ ಕಚೇರಿ ಇದ್ದದ್ದು ಒಂದು ಹಳೆಯ ಅರಮನೆಯಲ್ಲಿ. ಯಾವುದೆಂದು ಹೇಳುವುದಿಲ್ಲ. ಹೊಸಪೇಟೆಯಿಂದ ಸಂಡೂರಿನ ಕಡೆ ಹೋಗುವಾಗ ಮರಗಳ ಹಿಂದೆ ಎರಡು ಗುಮ್ಮಟ ಕಾಣುತ್ತವೆ ಎಂದರೆ ಸಾಕು. ಇಂಗ್ಲಿಷರ ಕಾಲದಲ್ಲಿ ಯಾರೋ ದೊರೆಮಗ ಒಬ್ಬ ಬಿಳಿಯ ಎಂಜಿನಿಯರನನ್ನು ಹಿಡಿದು ಕಟ್ಟಿಸಿದ್ದು. ಕಂಬ ಲಂಡನ್ನಿನ ಮಾದರಿ, ಕಮಾನು ಬಿಜಾಪುರದ ಮಾದರಿ, ಮೇಲಿನ ಗೂಡುಗಳು ಹಂಪಿಯ ಮಾದರಿ. ಮೂರೂ ಸೇರಿ ಮದುವೆ ಮನೆಯ ಉಳಿದ ಪಲ್ಯದ ಹಾಗಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ದೊರೆಮಕ್ಕಳಿಗೆ ಅದಕ್ಕೆ ಸುಣ್ಣ ಬಳಿಸುವುದೂ ಭಾರವಾಗಿ ಸರ್ಕಾರದ ಕೈಗೆ ಬಂತು. ಸರ್ಕಾರ ಅದರೊಳಗೆ ಕಂದಾಯಕ್ಕೆ ಸೇರಿದ ಒಂದು ಕಚೇರಿ ಇಟ್ಟಿತು. ದರ್ಬಾರು ಹಾಲನ್ನು ಪ್ಲೈವುಡ್ ಹಲಗೆಯಿಂದ ಆರು ಪಾಲು ಮಾಡಿದರು. ಬಿಲಿಯರ್ಡ್ಸ್ ಮೇಜಿನ ಮೇಲೆ ಟಪಾಲು ಬಿತ್ತು. ದೊರೆ ಸ್ನಾನ ಮಾಡುತ್ತಿದ್ದ ಕೋಣೆ ರೆಕಾರ್ಡ್ ರೂಮಾಯಿತು. ಪಿಂಗಾಣಿ ತೊಟ್ಟಿಯ ತುಂಬ ಹಳ್ಳಿಗಳ ಹಳೆಯ ನಕ್ಷೆಗಳನ್ನು ಸುತ್ತಿ ನಿಲ್ಲಿಸಿದ್ದರು. ನಾನು ಸೇರಿದಾಗ ಅದಿರಿನ ಕಾಲ ಶುರುವಾಗಿತ್ತು. ಲಾರಿಗಳು ಹಗಲೆಲ್ಲ ಓಡಿ, ಗುಮ್ಮಟದಿಂದ ಹಿಡಿದು ನಮ್ಮ ಊಟದ ಡಬ್ಬಿಯ ತನಕ ಎಲ್ಲ ಕೆಂಪಾಗಿತ್ತು.

ಆ ಕಚೇರಿಗೆ ಅವರು ಶಿರಸ್ತೇದಾರರು. ಮೇಲೆ ಸಾಹೇಬರೊಬ್ಬರು ಇರುತ್ತಿದ್ದರು, ಆದರೆ ಗಣಿ ಸೀಮೆಗೆ ಬಂದ ಸಾಹೇಬರು ಯಾರೂ ಎಂಟು ತಿಂಗಳ ಮೇಲೆ ನಿಲ್ಲುತ್ತಿರಲಿಲ್ಲ. ಇವರು ಮಾತ್ರ ಕಂಬದ ಹಾಗೆ ಅಲ್ಲೇ ಇದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ನಾಲ್ಕು ಮಡಿಕೆಯ ಕರವಸ್ತ್ರ, ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ನಡೆಯುವಾಗ ಗೋಡೆಗೆ ಅಂಗೈ ಸವರಿಕೊಂಡು ನಡೆಯುವುದು ಅವರ ರೂಢಿ. ಎತ್ತಿನ ಬೆನ್ನು ಸವರುವ ರೈತನ ಹಾಗೆ ಸವರುತ್ತಿದ್ದರು. ನಮ್ಮ ಕಡೆ ತಿರುಗಿದರೆ ಮಾತ್ರ ಮುಖ ಗಂಟು ಹಾಕುತ್ತಿದ್ದರು.

ಅವರ ಕೆಲಸದ ರೀತಿಯನ್ನು ನಾನು ಬೇರೆ ಯಾವ ಕಚೇರಿಯಲ್ಲೂ ನೋಡಿಲ್ಲ. ಯಾರಾದರೂ ಅರ್ಜಿ ಹಿಡಿದು ಬಂದರೆ, ಇಲ್ಲ ಎನ್ನುತ್ತಿರಲಿಲ್ಲ, ಗದರುತ್ತಿರಲಿಲ್ಲ, ಕಾಯಿಸುತ್ತಲೂ ಇರಲಿಲ್ಲ. ಎದ್ದು ನಿಲ್ಲುತ್ತಿದ್ದರು. ಶಿರಸ್ತೇದಾರರು ತನಗಾಗಿ ಎದ್ದು ನಿಂತರಲ್ಲ ಎಂದು ಬಂದವನು ಅರ್ಧ ಕರಗಿ ಹೋಗುತ್ತಿದ್ದ.

"ಅರಮನಿ ನೋಡೀರೇನು? ಇಲ್ಲಾ? ಇಷ್ಟ್ ದೂರದಿಂದ ಬಂದು ಹಂಗ ಹೊಕ್ಕೀರೇನು? ಬರ್ರಿ, ತೋರಿಸ್ತೀನಿ."

ಅರ್ಜಿ ಮೇಜಿನ ಮೇಲೆ ಉಳಿಯುತ್ತಿತ್ತು. ಬಂದವನು ಅವರ ಹಿಂದೆ ಹೋಗುತ್ತಿದ್ದ. ಮೊದಲು ಕಂಬ. "ಕೈ ಇಟ್ಟು ನೋಡ್ರಿ. ತಣ್ಣಗ ಐತಿಲ್ಲ?" ಆಮೇಲೆ ಬರ್ಮಾ ತೇಗದ ಮೆಟ್ಟಿಲು. "ಚಪ್ಪಲಿ ಬಿಟ್ಟು ಹತ್ರಿ, ಮರ ಮಾತಾಡ್ತದ." ಆಮೇಲೆ ಬಣ್ಣದ ಗಾಜು, ಕುರ್ಚಿ, ಕನ್ನಡಿ. ಕನ್ನಡಿಯ ಮುಂದೆ ಪ್ರತಿಯೊಬ್ಬರನ್ನೂ ನಿಲ್ಲಿಸಿ, "ಈ ಕನ್ನಡ್ಯಾಗ ಗವರ್ನರ್ ಮುಖ ನೋಡ್ಕೊಂಡಿದ್ದ, ಈಗ ನಿಮ್ದು" ಎನ್ನುತ್ತಿದ್ದರು. ಅಷ್ಟರಲ್ಲಿ ಒಂದು ಗಂಟೆ. ಊಟದ ಹೊತ್ತು. ನಾಳೆ ಬರ್ರಿ. ಬಂದವನು ಕೈಮುಗಿದು, ಧನ್ಯನಾಗಿ, ಬರಿಗೈಯಲ್ಲಿ ಹೋಗುತ್ತಿದ್ದ.

ಇತಿಹಾಸವೂ ಬಂದವರಿಗೆ ತಕ್ಕ ಹಾಗೆ ಬದಲಾಗುತ್ತಿತ್ತು. ಕಂಪ್ಲಿಯ ಅಕ್ಕಿ ಗಿರಣಿಯವರು ವಿಭೂತಿ ಹಚ್ಚಿಕೊಂಡು ಬಂದರೆ ದೊರೆ ಮೂರು ಹೊತ್ತು ಲಿಂಗಪೂಜೆ ಮಾಡುತ್ತಿದ್ದ. ಹಂಪಿಯ ಕಡೆಯಿಂದ ನಾಮ ಹಾಕಿಕೊಂಡ ಆಚಾರ್ಯರು ಬಂದರೆ ಅದೇ ದೊರೆ ಅದೇ ಕೋಣೆಯಲ್ಲಿ ವಿಠಲನ ಭಜನೆ ಮಾಡುತ್ತಿದ್ದ. ಬಿಳಿಯ ಪ್ರವಾಸಿಗಳು ಬಾಡಿಗೆ ಸೈಕಲ್ಲು ತುಳಿದುಕೊಂಡು ದಾರಿ ತಪ್ಪಿ ಬಂದಾಗ ದೊರೆ ಏನೂ ಪೂಜೆ ಮಾಡದೆ ಬಿಳಿ ಮೇಡಮ್ಮಂದಿರ ಜೊತೆ ಕುಣಿಯುತ್ತಿದ್ದ. ಒಮ್ಮೆ ನಾನು ತಡೆಯಲಾರದೆ, "ಸರ್, ನಿಜವಾಗ್ಲೂ ಯಾವ ದೇವರಿಗೆ ನಡ್ಕೋತಿದ್ದ್ರು ಅವ್ರು?" ಎಂದು ಕೇಳಿದೆ.

"ಬಂದವ್ರ ಮನಸ್ ಸಂತೋಷ ಆಗ್ಬೇಕಲೇ. ರಾಜರಂದ್ರ ಅದ."

ಚಿತ್ತವಾಡ್ಗಿಯ ಒಬ್ಬ ಹೆಂಗಸು ಗಂಡ ಸತ್ತ ಮೇಲೆ ಜಾಗದ ಕಾಗದಕ್ಕಾಗಿ ಓಡಾಡುತ್ತಿದ್ದಳು. ಮೂರು ಸಲ ಬಂದು ಮೂರು ಸಲ ಅರಮನೆ ನೋಡಿದಳು. ನಾಲ್ಕನೇ ಸಲ ಜೊತೆಗೆ ತಂಗಿಯನ್ನೂ ಕರೆದುಕೊಂಡು ಬಂದಳು. ನನ್ನ ಮೇಜಿನ ಮುಂದೆಯೇ ತಂಗಿಗೆ ಹೇಳಿದಳು: "ನೀನೂ ನೋಡಿ ಬಾರವ್ವ ಒಮ್ಮೆ. ಹೆಂಗೂ ಕೆಲಸಂತೂ ಆಗಂಗಿಲ್ಲ." ನಾವೆಲ್ಲ ಕಡತದೊಳಗೆ ಮುಖ ಹುದುಗಿಸಿ ನಕ್ಕೆವು. ಅವರು ನಗಲಿಲ್ಲ. ಹೊಸಬರು ಸಿಕ್ಕರೆಂದು ತಂಗಿಯನ್ನು ಕಂಬದ ಹತ್ತಿರ ಕರೆದೊಯ್ದರು.

ನುಡಿನಮನದಲ್ಲಿ ಎಲ್ಲರೂ ಒಂದು ಮಾತನ್ನು ಒತ್ತಿ ಹೇಳಿದರು. ಅಂಥ ಕಾಲದಲ್ಲಿ, ಅಂಥ ಸೀಮೆಯಲ್ಲಿ, ಮನುಷ್ಯ ಯಾರಿಂದಲೂ ಲಂಚ ಮುಟ್ಟಲಿಲ್ಲ ಎಂದು. ಅದು ನಿಜ. ಜವಾನನಿಂದ ಹಿಡಿದು ಎಲ್ಲರ ಮನೆಯ ಮೇಲೂ ಒಂದೊಂದು ಮಾಳಿಗೆ ಏಳುತ್ತಿದ್ದ ಕಾಲ ಅದು. ಇವರು ಕೊನೆಯ ತನಕ ಬಾಡಿಗೆ ಮನೆಯಲ್ಲೇ ಇದ್ದರು. ಆದರೆ ಲಂಚ ತಿಂದವನು ಕೆಲಸವನ್ನಾದರೂ ಮಾಡಿಕೊಡುತ್ತಾನೆ. ಇವರಿಗೆ ಬೇಕಾದದ್ದು ದುಡ್ಡಲ್ಲ, ಬಂದವರ ಬಾಯಿಂದ ಹೊರಡುವ "ಅಬ್ಬಾ" ಎಂಬ ಒಂದು ಉದ್ಗಾರ. ಅದು ಸಿಕ್ಕಿದ ಮೇಲೆ ಬಂದವನ ಮೇಲೆ ಅವರಿಗೆ ಆಸಕ್ತಿ ಇರುತ್ತಿರಲಿಲ್ಲ. ಅರಮನೆಯನ್ನು ಅವರು ಕಾದರು ಎನ್ನುವುದೂ ಅಷ್ಟೆ. ಸೋರುವ ಸೂರಿನ ಕೆಳಗೆ ತಾವೇ ಬಕೆಟ್ ಇಟ್ಟಿದ್ದನ್ನು ನೋಡಿದ್ದೇನೆ, ಬಣ್ಣದ ಗಾಜನ್ನು ಏಣಿ ಹತ್ತಿ ಒರೆಸಿದ್ದನ್ನೂ ನೋಡಿದ್ದೇನೆ. ರೆಕಾರ್ಡ್ ರೂಮಿನಲ್ಲಿ ಗೆದ್ದಲು ಹತ್ತಿದೆ ಎಂದಾಗ ಮಾತ್ರ, "ಅದು ಸರ್ಕಾರದ್ದು, ಸರ್ಕಾರಕ್ಕ ಬರೀರಿ" ಎಂದರು.

ಈಗ ನಕ್ಷೆಯ ವಿಷಯಕ್ಕೆ ಬರುತ್ತೇನೆ.

ಆ ತೊಟ್ಟಿಯಲ್ಲಿದ್ದ ನಕ್ಷೆಗಳಲ್ಲಿ ಒಂದು ಬಹಳ ಚೆಂದದ್ದಿತ್ತು. ಬಟ್ಟೆಗೆ ಅಂಟಿಸಿದ್ದು, ಕೈಯಿಂದಲೇ ಬಣ್ಣ ತುಂಬಿದ್ದು. ಗುಡ್ಡಗಳಿಗೆ ಬೆಲ್ಲದ ಬಣ್ಣ, ಹಳ್ಳಕ್ಕೆ ತಿಳಿ ನೀಲಿ, ಮರಗಳಿಗೆ ಒಂದೊಂದಾಗಿ ಹಸಿರು ಚುಕ್ಕೆ. ಒಂದು ದಿನ ಶಿರಸ್ತೇದಾರರು ಅದನ್ನು ತೆಗೆದುಕೊಂಡು ಹೋಗಿ, ತಮ್ಮ ಸಂಬಳದಲ್ಲಿ ಚೌಕಟ್ಟು ಗಾಜು ಹಾಕಿಸಿ, ಮೆಟ್ಟಿಲು ತಿರುಗುವ ಕಡೆ ಗೋಡೆಗೆ ತೂಗುಹಾಕಿದರು. ಅಂದಿನಿಂದ ಅದು "ಮಹಾರಾಜರ ಬ್ಯಾಟಿ ನಕ್ಷಾ" ಆಯಿತು. ದೊರೆ ಕುದುರೆ ಹತ್ತಿ ಹುಲಿಯ ಬೇಟೆಗೆ ಹೋದ ದಾರಿ ಇದೇ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಅದು ಬೇಟೆಯ ನಕ್ಷೆಯಲ್ಲ, ಗುಡ್ಡದ ಬುಡದ ಒಂದು ಹಳ್ಳಿಯ ಹಳೆಯ ಸರ್ವೆ ನಕ್ಷೆ. ಕೆಳಗಿನ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಹಳ್ಳಿಯ ಹೆಸರು, ಸಂಖ್ಯೆ ಎಲ್ಲ ಇತ್ತು. ಚೌಕಟ್ಟಿನ ಪಟ್ಟಿ ಅದನ್ನು ಅರ್ಧ ಮುಚ್ಚಿತ್ತು. ಇನ್ನೊಂದು ಪ್ರತಿ ಗೆದ್ದಲಿನ ಪಾಲಾಗಿದ್ದರಿಂದ ಇದ್ದದ್ದು ಅದೊಂದೇ.

ಆ ವರ್ಷ ಬೇಸಿಗೆಯಲ್ಲಿ ಆ ಹಳ್ಳಿಯಿಂದ ಒಬ್ಬ ಅಜ್ಜ ಬಂದ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಅರ್ಜಿ. ಆ ಹಳ್ಳಿಯ ಮೇಲಿನ ಗುಡ್ಡದಲ್ಲಿ ಗಣಿ ಬಂದಿತ್ತು. ಗಣಿಯವರು ಒರತೆಗೆ ಹೋಗುವ ಬಂಡಿದಾರಿಗೆ ತಂತಿ ಬೇಲಿ ಹಾಕಿ, ಇದು ನಮ್ಮ ಗುತ್ತಿಗೆಯ ಜಾಗ, ಇಲ್ಲಿ ದಾರಿ ಎಂಬುದು ಎಂದೂ ಇರಲೇ ಇಲ್ಲ ಎನ್ನುತ್ತಿದ್ದರು. ಊರಿಗೆಲ್ಲ ಕುಡಿಯುವ ನೀರು ಆ ಒರತೆಯದೇ. ಹನ್ನೆರಡು ದಿನದಲ್ಲಿ ಬಳ್ಳಾರಿಯಲ್ಲಿ ವಿಚಾರಣೆ ಇತ್ತು. ಹಳೆಯ ನಕ್ಷೆಯ ನಕಲೊಂದನ್ನು ತಂದರೆ ದಾರಿ ಸರ್ಕಾರಿ ದಾರಿ ಎಂದು ತೋರಿಸಬಹುದು ಎಂದು ಯಾರೋ ವಕೀಲರು ಹೇಳಿ ಕಳಿಸಿದ್ದರು. ಅಜ್ಜ ಇದನ್ನೆಲ್ಲ ನನ್ನ ಮುಂದೆ ನಿಧಾನಕ್ಕೆ ಹೇಳಿದ. ನಾನು ಅರ್ಜಿಯನ್ನು ಶಿರಸ್ತೇದಾರರ ಮುಂದಿಟ್ಟೆ. ಅವರು ಎದ್ದು ನಿಂತರು.

"ಅರಮನಿ ನೋಡೀರೇನು ಯಜಮಾನ್ರ?"

"ಇಲ್ರಿ ಸಾಹೇಬ್ರ. ಆದ್ರ ನಾ ನಕ್ಷಾಕ್ಕ ಬಂದೀನ್ರಿ."

"ನಕ್ಷಾ ಎಲ್ಲಿ ಹೊಕ್ಕತಿ? ಬರ್ರಿ."

ಸಾಹೇಬರಿಗೆ ವರದಿಯೊಂದನ್ನು ಕೊಡಲು ನಾನೂ ಮಹಡಿಗೆ ಹೊರಟಿದ್ದೆ, ಹಾಗಾಗಿ ಅವರ ಹಿಂದೆಯೇ ಮೆಟ್ಟಿಲು ಹತ್ತಿದೆ. ಅಜ್ಜ ಚಪ್ಪಲಿ ಬಿಟ್ಟು, ಕಂಬ ಮುಟ್ಟು ಎಂದಲ್ಲಿ ಮುಟ್ಟಿ, ತಲೆ ಎತ್ತು ಎಂದಲ್ಲಿ ಎತ್ತಿ, ವಿಧೇಯನಾಗಿ ಬರುತ್ತಿದ್ದ. ಮೆಟ್ಟಿಲ ತಿರುವಿನಲ್ಲಿ ನಿಂತುಬಿಟ್ಟ. ಶಿರಸ್ತೇದಾರರು ಹುಲಿಯ ಕಥೆ ಶುರು ಮಾಡಿದ್ದರು. ಅಜ್ಜ ಕೇಳಿಸಿಕೊಳ್ಳುತ್ತಿರಲಿಲ್ಲ. ಟವೆಲ್ಲಿನಿಂದ ಬೆರಳು ಒರೆಸಿಕೊಂಡು ಗಾಜಿನ ಮೇಲೆ ಇಟ್ಟ.

"ಇದು ನಮ್ಮೂರ ಹಳ್ಳ ಅಲ್ಲೇನ್ರಿ? ಇಲ್ಲಿ ಎಡಕ್ಕ ಹೊಳ್ಳತೈತಿ, ಇಲ್ಲಿ ಎರಡಾಗತೈತಿ. ಇದು ಒರತಿ. ಇದು ಬಂಡಿದಾರಿ. ನಮ್ಮಪ್ಪ ಇದರಾಗ ಬಂಡಿ ಹೊಡಿತಿದ್ದ."

ಓದಲು ಬರದ ಮನುಷ್ಯ. ಕಾಗದದ ಮೇಲಿನ ನೀಲಿ ಗೆರೆಯನ್ನು ನೋಡಿ ತನ್ನ ಹಳ್ಳದ ತಿರುವು ಹಿಡಿದಿದ್ದ.

"ಮಹಾರಾಜರ ಬ್ಯಾಟಿ ನಕ್ಷಾ ಅದು," ಎಂದರು ಶಿರಸ್ತೇದಾರರು. "ಗಾಜು ಮುಟ್ಟಬ್ಯಾಡ್ರಿ, ಕಲಿ ಬೀಳ್ತದ." ಕರವಸ್ತ್ರ ತೆಗೆದು ಅಜ್ಜನ ಬೆರಳಿನ ಗುರುತನ್ನು ಒರೆಸಿದರು. ಒಂದು ವಾರ ಬಿಟ್ಟು ಬರಲು ಹೇಳಿ ಕಳಿಸಿದರು.

ಆ ಸಂಜೆ ನಾನು ಅವರ ಮೇಜಿನ ಹತ್ತಿರ ನಿಂತು, "ಸರ್, ಆ ಅಜ್ಜ ಕೇಳಿದ್ದು ಅದೇ ನಕ್ಷೆ. ಮೂಲ್ಯಾಗ ನಂಬರ್ ಐತಿ, ನೋಡೀನಿ" ಎಂದೆ. ಅವರು ಯಾವ ನಂಬರ್ ಎಂದೂ ಕೇಳದೆ ಕರವಸ್ತ್ರವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದರು. ಗೊತ್ತಿಲ್ಲದೆ ಮಾಡಿದ್ದರು ಎಂದುಕೊಂಡಿದ್ದೆ. ಆಗ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ತಿಳಿಯಿತು.

"ಈಗ ತಗದ್ರ ಗೋಡಿ ಬೋಳು ಕಾಣತದ. ಸೋಮವಾರ ದೊಡ್ಡವರು ಬರಾಕತ್ಯಾರ. ಅವರು ಹೋದ ಮ್ಯಾಲ ನೋಡೋಣು."

ಆ ದೊಡ್ಡವರು ಒಬ್ಬ ಗಣಿಧಣಿ. ಅಜ್ಜನ ಊರಿನ ಗಣಿ ಅವನದಲ್ಲ, ಬೇರೆ ಯಾರದೋ. ಕೆಲವೇ ವರ್ಷದ ಹಿಂದೆ ಲಾರಿ ಇಟ್ಟುಕೊಂಡಿದ್ದವನು, ಈಗ ಸಾಲು ಕಾರುಗಳಲ್ಲಿ ಬರುತ್ತಿದ್ದ. ಹೊಸ ಮನೆ ಕಟ್ಟಿಸುತ್ತಿದ್ದನಂತೆ, ಅದಕ್ಕೆ ಅರಮನೆಯ ಮಾದರಿ ನೋಡಬೇಕಿತ್ತಂತೆ. ಶಿರಸ್ತೇದಾರರು ಅಂದು ಹೊಸ ಅಂಗಿ ತೊಟ್ಟಿದ್ದರು. ದೊರೆಯ ಕುರ್ಚಿಯ ಮೇಲೆ ನಮ್ಮನ್ನು ಯಾರನ್ನೂ ಕೂರಗೊಡದಿದ್ದವರು ಅದನ್ನು ತಾವೇ ಎಳೆದು, ಒರೆಸಿ, "ಕುಂದ್ರಿ, ನಿಮ್ಮಂಥವ್ರಿಗೇ ಮಾಡಿದ್ದು" ಎಂದರು. ಅವನು ಕೂತ. ಬೂಟು ಕಾಲಿನಲ್ಲೇ ಮೆಟ್ಟಿಲು ಹತ್ತಿದ. ಮರ ಮಾತಾಡಿತೋ ಇಲ್ಲವೋ ಶಿರಸ್ತೇದಾರರು ಕೇಳಲಿಲ್ಲ. ತಿರುವಿನಲ್ಲಿ ಧಣಿ ನಿಂತು ಚೌಕಟ್ಟನ್ನು ನೋಡಿದ.

"ಇದು ಮಸ್ತ್ ಐತಿ. ನಮ್ಮ ಹಾಲ್‌ನ್ಯಾಗ ಇದ್ರ ಚಲೋ ಕಾಣತದ, ಅಲ್ಲ?"

ಬೇಕು ಎಂದು ಅವನು ಕೇಳಲೂ ಇಲ್ಲ. ಶಿರಸ್ತೇದಾರರು ಎರಡೂ ಕೈಯಿಂದ ಅದನ್ನು ಗೋಡೆಯಿಂದ ಇಳಿಸಿದರು. ಗಾಜು ಒರೆಸಿದರು. ಎದೆಗೆ ಆನಿಸಿಕೊಂಡು ಒಂದು ಗಳಿಗೆ ನಿಂತು, ಆಮೇಲೆ ಸ್ವಲ್ಪ ಬಾಗಿ ಅವನ ಕೈಗೆ ಕೊಟ್ಟರು. "ಅರಮನಿ ಪದ್ಧತಿ ಐತ್ರಿ. ಬಂದ ಅತಿಥಿ ಮೆಚ್ಚಿದ್ದನ್ನ ಕೊಟ್ಟ ಕಳಸಬೇಕು." ಅವರ ಮುಖದಲ್ಲಿ ಅಂಥ ಕಾಂತಿಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಇಪ್ಪತ್ತು ವರ್ಷ ಬೇರೆಯವರ ಮನೆಯನ್ನು ತೋರಿಸಿ ತೋರಿಸಿ, ಅಂದು ಒಂದು ನಿಮಿಷ ಅವರೇ ದೊರೆಯಾಗಿದ್ದರು. ದಾನ ಕೊಟ್ಟರು. ಕೊಟ್ಟದ್ದು ಯಾರದೋ ಊರಿನ ನೀರಿನ ದಾರಿ. ಹಣ ತೆಗೆದುಕೊಂಡು ಕೊಟ್ಟಿದ್ದರೆ ಅದಕ್ಕೆ ಕಾನೂನಿನಲ್ಲಿ ಒಂದು ಹೆಸರಿತ್ತು. ನನಗೆ ಇವತ್ತಿಗೂ ಆ ಮುಖ ನೆನೆದರೆ ಅಸಹ್ಯವಾಗುತ್ತದೆ.

ವಾರ ಕಳೆದು ಅಜ್ಜ ಬಂದ. ಒಳಗೆ ಬರುವ ಮೊದಲೇ ಮೆಟ್ಟಿಲ ತನಕ ಹೋಗಿ ಗೋಡೆ ನೋಡಿಕೊಂಡು ಬಂದಿದ್ದ. ಅಲ್ಲಿ ಕೆಂಪು ಧೂಳಿನ ನಡುವೆ ಚೌಕಟ್ಟಿನ ಅಳತೆಯ ಬಿಳಿ ಜಾಗವಷ್ಟೇ ಉಳಿದಿತ್ತು.

"ಅಲ್ಲಿದ್ದ ನಮ್ಮೂರು ಎಲ್ಲಿ ಹೋತ್ರಿ ಸಾಹೇಬ್ರ?"

ಶಿರಸ್ತೇದಾರರು ಅವನ ಮುಖ ನೋಡಲಿಲ್ಲ. ಅರ್ಜಿಗೆ ಕಚೇರಿಯ ಉತ್ತರವಾದ ಹಿಂಬರಹವನ್ನು ಕೊಡುವಂತೆ ನನಗೆ ಸನ್ನೆ ಮಾಡಿದರು. ಅದನ್ನು ಹಿಂದಿನ ದಿನವೇ ತಯಾರಿಸಿ ಇಡಿಸಿದ್ದರು. ಆಮೇಲೆ ಅಭ್ಯಾಸಬಲದಿಂದಲೋ ಏನೋ ಎದ್ದು ನಿಂತರು. "ಬರ್ರಿ ಯಜಮಾನ್ರ, ಇವತ್ತು ಮ್ಯಾಲಿನ ಗಚ್ಚಿನ ಮಾಳಗಿ ತೋರಿಸ್ತೀನಿ. ಎಲ್ಲಾರಿಗೂ ತೋರ್ಸಂಗಿಲ್ಲ."

"ನಿಮ್ಮ ಅರಮನಿ ನೋಡೀನ್ರಿ," ಎಂದ ಅಜ್ಜ. ದನಿ ಏರಿರಲಿಲ್ಲ. "ಭಾಳ ಚಲೋ ಐತಿ. ನೀವೂ ಒಮ್ಮೆ ನಮ್ಮೂರು ನೋಡಾಕ ಬರ್ರಿ. ಇನ್ನೂ ಐತಿ ಅನ್ನೂದ್ರಾಗ ಬರ್ರಿ."

"ಬರೋಣು, ಬರೋಣು," ಎಂದು ಶಿರಸ್ತೇದಾರರು ಕೀಲಿಗೊಂಚಲು ಹಿಡಿದು ಒಳಗೆ ಹೋದರು. ಆ ಊರಿಗೆ ಅವರು ಎಂದೂ ಹೋಗಲಿಲ್ಲ. ಹೋಗಬೇಕೆಂದರೂ ನೋಡಲು ಹೆಚ್ಚು ದಿನ ಏನೂ ಉಳಿಯಲಿಲ್ಲ. ವಿಚಾರಣೆಯಲ್ಲಿ ದಾರಿಗೆ ಆಧಾರವಿಲ್ಲ ಎಂದಾಯಿತು. ಎರಡು ಮಳೆಗಾಲ ಕಳೆಯುವುದರೊಳಗೆ ಒರತೆಯ ಮೇಲೆ ಗಣಿಯ ಮಣ್ಣು ಗುಡ್ಡೆ ಬಿತ್ತು. ಊರಿಗೆ ಟ್ಯಾಂಕರ್ ನೀರು ಬಂತು, ಬಾರದ ದಿನ ಹೆಂಗಸರು ರಸ್ತೆಯಲ್ಲಿ ಕೊಡ ಇಟ್ಟುಕೊಂಡು ಲಾರಿಗಳ ಧೂಳಿನಲ್ಲಿ ಕೂತರು. ಇಂಥದೊಂದು ನಕ್ಷೆ ಕಚೇರಿಯಲ್ಲಿ ಇತ್ತು, ಈಗ ಕಳೆದಿದೆ ಎಂದು ಹಿಂಬರಹದಲ್ಲಿ ಬರೆದಿದ್ದರೂ ಸಾಕಿತ್ತು, ಅಷ್ಟನ್ನೇ ಹಿಡಿದು ವಾದ ಮಾಡಬಹುದಿತ್ತು ಎಂದು ವಕೀಲರೊಬ್ಬರು ಆಮೇಲೆ ನನಗೆ ಹೇಳಿದರು.

ಇಲ್ಲಿಗೆ ನಿಲ್ಲಿಸಿದರೆ ಈ ಚಿತ್ರ ಪೂರ್ತಿ ಅವರದೇ ಆಗುತ್ತದೆ. ನನಗೂ ಅನುಕೂಲ. ಆದರೆ ಅಂದು ಅವರು ಒಳಗೆ ಹೋದ ಮೇಲೆ ಅಜ್ಜ ನನ್ನ ಮೇಜಿನ ಮುಂದೆಯೇ ನಿಂತಿದ್ದ.

"ನನಗ ಓದಾಕ ಬರಂಗಿಲ್ರಿ. ಏನ್ ಬರದೈತಿ, ಓದಿ ಹೇಳ್ರಿ."

ಕಾಗದ ಎತ್ತಿಕೊಂಡು ಓದಿದೆ. ನೀವು ಕೋರಿರುವ ಗ್ರಾಮದ ನಕ್ಷೆಯು ಈ ಕಚೇರಿಯ ದಾಖಲೆಗಳಲ್ಲಿ ಇರುವುದಿಲ್ಲ, ಇದ್ದ ಬಗ್ಗೆ ಯಾವ ಮಾಹಿತಿಯೂ ಲಭ್ಯವಿರುವುದಿಲ್ಲ. ಅಜ್ಜ ಇನ್ನೊಮ್ಮೆ ಓದಿ ಎಂದ. ಇನ್ನೊಮ್ಮೆ ಓದಿದೆ.

"ಇದನ್ನ ಬರದವರು ಯಾರ್ರಿ?"

ಕಾಗದವನ್ನು ಎಡಗೈಯಲ್ಲಿ ಹಿಡಿದು ಅವನ ಕಡೆ ತಿರುಗಿಸಿದೆ. ಬಲಗಡೆ ಹಸಿರು ಶಾಯಿಯಲ್ಲಿದ್ದ ಶಿರಸ್ತೇದಾರರ ದೊಡ್ಡ ರುಜುವನ್ನು ತೋರಿಸಿ, "ಇವ್ರು" ಎಂದೆ.

ಅಜ್ಜ ಆ ರುಜುವನ್ನು ನಕ್ಷೆ ನೋಡಿದಷ್ಟೇ ಹೊತ್ತು ನೋಡಿದ. "ನೀವಲ್ಲಲ್ರಿ. ಅಷ್ಟು ಸಾಕು. ನಿಮ್ಮ ಮಕ್ಕಳು ಚಲೋತ್ನಾಗಿ ಇರಲಿ," ಎಂದ.

ನಮ್ಮ ಕಚೇರಿಯ ಪದ್ಧತಿಯಲ್ಲಿ ಕಾಗದದ ಮಾತುಗಳನ್ನು ಬರೆದು ತಯಾರಿಸಿದವನು ಎಡಗಡೆಯ ಕೆಳಮೂಲೆಯಲ್ಲಿ ತನ್ನ ಚಿಕ್ಕ ರುಜು ಹಾಕಬೇಕು. ಅಂದು ಅಲ್ಲಿದ್ದ ನನ್ನ ರುಜುವಿನ ಮೇಲೆ ನನ್ನ ಹೆಬ್ಬೆರಳಿತ್ತು. ಅವನಿಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ ನಾನು ಬೆರಳು ತೆಗೆಯಲಿಲ್ಲ.